ಎರಡು ಸಾವಿರ ಕಾರ್ಡಿನ ಸರ

ನಮ್ಮ ಯಜಮಾನರಿಗೆ ಅರ್ಥವಾಗದ ಯಂತ್ರವನ್ನು ಇನ್ನೂ ಯಾರೂ ಕಂಡುಹಿಡಿದಿರಲಿಲ್ಲ. ಇದು ನನ್ನ ಮಾತಲ್ಲ, ಅವರದೇ. ದೊಡ್ಡಬಳ್ಳಾಪುರದ ಸ್ಟೇಷನ್ ರಸ್ತೆಯ ಟೀ ಅಂಗಡಿಯಲ್ಲಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅವರು ಇದನ್ನು ಸಾರುತ್ತಿದ್ದರು. ನೀರೆತ್ತುವ ಪಂಪು, ಹೊಲಿಗೆ ಮೆಷೀನು, ಟೆಂಟ್ ಸಿನಿಮಾದ ಪ್ರೊಜೆಕ್ಟರು ಎಲ್ಲವೂ ಅವರ ಪ್ರಕಾರ ಜಕಾರ್ಡ್ ಮಗ್ಗದ ಮಕ್ಕಳು, ಮೊಮ್ಮಕ್ಕಳು.

ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ಆದರೆ ಕಥೆ ನಡೆಯಬೇಕಲ್ಲ. ರಾಮಾಂಜಿನಪ್ಪ ಎಂದು ಅವರ ಹೆಸರು. ಊರಿನ ಹೊಲವನ್ನು ಅಣ್ಣ ಬೈಲಪ್ಪನವರ ಕೈಗೆ ಬಿಟ್ಟು ಪೇಟೆಗೆ ಬಂದು, ಜಕಾರ್ಡ್ ಮಗ್ಗಗಳಿಗೆ ಕಾರ್ಡು ಹೊಡೆಯುವ ಕೆಲಸ ಕಲಿತವರು. ಸೀರೆಯ ಅಂಚಿನಲ್ಲಿ ನವಿಲು ಕೂರಬೇಕಾದರೆ ಆ ನವಿಲನ್ನು ಮೊದಲು ಚೌಕಳಿ ಕಾಗದದ ಮೇಲೆ ಬರೆದುಕೊಂಡು, ಒಂದೊಂದು ಸಾಲಿಗೂ ಒಂದೊಂದು ರಟ್ಟಿನ ಕಾರ್ಡಿನಲ್ಲಿ ತೂತು ಹೊಡೆಯಬೇಕು. ತೂತಿರುವ ಕಡೆ ನೂಲು ಮೇಲೇಳುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ. ಹೊಡೆದ ಕಾರ್ಡುಗಳನ್ನು ಒಂದರ ಹಿಂದೆ ಒಂದರಂತೆ ದಾರದಲ್ಲಿ ಹೊಲಿದು ಸರ ಮಾಡಿ ಮಗ್ಗದ ನೆತ್ತಿಗೆ ಏರಿಸಬೇಕು. ಹೊಡೆಯುವುದು ಗಂಡಸರ ಕೆಲಸ, ಹೊಲಿಯುವುದು ನಮ್ಮದು. ಒಂದು ಕಾರ್ಡು ಹಿಂದೆ ಮುಂದೆ ಆದರೆ ನವಿಲಿನ ಕಾಲು ಕೊರಳಿಗೆ ಬರುತ್ತದೆ. ಆದ್ದರಿಂದ ನಮ್ಮ ಬೀದಿಯಲ್ಲಿ ಹೊಲಿಯದ ಕಾರ್ಡನ್ನು ಕಂಡರೆ, ಮೈಮೇಲೆ ಬಟ್ಟೆಯಿಲ್ಲದ ಮಗುವನ್ನು ಕಂಡ ಹಾಗೆ ಎಲ್ಲರೂ ಗಾಬರಿಯಾಗುತ್ತಾರೆ.

ಸಾವಿರದ ಒಂಬೈನೂರ ಎಪ್ಪತ್ತಮೂರರಲ್ಲಿ ನಮ್ಮ ಮಗಳು ಮುನಿರತ್ನಮ್ಮನಿಗೆ ಬೆಂಗಳೂರಿನ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಅಲ್ಲಿಯೂ ಕಾರ್ಡಿಗೆ ತೂತು ಹೊಡೆಯುವುದೇ ಕೆಲಸ ಎಂದು ಗೊತ್ತಾದ ದಿನ ಯಜಮಾನರು ಟೀ ಅಂಗಡಿಯಲ್ಲಿ ಎದ್ದು ನಿಂತುಬಿಟ್ಟರಂತೆ.

"ಕಂಪ್ಯೂಟರು ಅಂದ್ರೆ ಏನಂದ್ಕೊಂಡ್ರಿ? ಸೀರೆ ನೇಯದೆ ಇರೋ ಜಕಾರ್ಡು, ಅಷ್ಟೇಯ! ನನ್ನ ಮಗ್ಳು ಕಲ್ಯಾಕೆ ಹೋಗಿಲ್ಲ ಕಣ್ರಪ್ಪಾ, ಕಲ್ಸಾಕೆ ಹೋಗವ್ಳೆ."

ಅವಳ ತರಬೇತಿಯ ನೋಟುಬುಕ್ಕನ್ನು ಅವಳಿಗಿಂತ ಹೆಚ್ಚಾಗಿ ಇವರೇ ಓದಿದರು. ಓದಿದ್ದನ್ನೆಲ್ಲ ನಮ್ಮ ಕಡೆಯ ಅಳತೆಗೆ ತಿರುಗಿಸಿದರು. ಒಂದು ಕಾರ್ಡಿನಲ್ಲಿ ಎಂಬತ್ತು ಅಕ್ಷರ. ಒಂದು ಪೆಟ್ಟಿಗೆಯಲ್ಲಿ ಎರಡು ಸಾವಿರ ಕಾರ್ಡು. ಅಷ್ಟನ್ನೂ ಕಾಂತದ ಟೇಪಿಗೆ ಇಳಿಸಿದರೆ ಇಪ್ಪತ್ತೇಳು ಅಡಿ. ಇಪ್ಪತ್ತೇಳು ಅಡಿಯೆಂದರೆ ಒಂದೂವರೆ ಸೀರೆ. ಹೀಗೆ ನಮ್ಮ ಬೀದಿಯವರಿಗೆಲ್ಲ ಕಂಪ್ಯೂಟರಿನ ಒಂದು ಪೆಟ್ಟಿಗೆ ಎಂದರೆ ಒಂದೂವರೆ ಸೀರೆ ಎಂಬುದು ಬಾಯಿಪಾಠವಾಯಿತು. ಆ ಅರ್ಧ ಸೀರೆಯನ್ನು ಯಾರು ಉಡುತ್ತಾರೆ ಎಂದು ಪಕ್ಕದ ಮನೆಯ ಪಾಪಮ್ಮ ಕೇಳಿದಾಗ ಮಾತ್ರ ಅವರು ನೋಟುಬುಕ್ಕಿನ ಹಾಳೆ ತಿರುವತೊಡಗಿದರು.

ನಮ್ಮ ಬಾವ ಬೈಲಪ್ಪನವರಿಗೆ ಈ ಕೆಲಸ ಮೊದಲಿನಿಂದಲೂ ಇಷ್ಟವಿರಲಿಲ್ಲ. ದೇವನಹಳ್ಳಿ ಕಡೆಯ ಚನ್ನರಾಯಪಟ್ಟಣದಲ್ಲಿ ಅವರೊಂದು ಗಂಡು ಗೊತ್ತು ಮಾಡಿದ್ದರು. ದ್ರಾಕ್ಷಿ ತೋಟ, ಎರಡು ಬಾವಿ, ಸೊಸೆ ಹೊಸಿಲು ದಾಟಬಾರದು ಎನ್ನುವ ಅತ್ತೆ. ಮನೆಯಲ್ಲಿ ದೊಡ್ಡ ವಾದವಾಗಿ ಕೊನೆಗೆ ಅವರೇ ಒಂದು ತೀರ್ಪು ಕೊಟ್ಟಿದ್ದರು.

"ಆರು ತಿಂಗ್ಳು ಕಾರ್ಖಾನೆಯೋರು ಹುಡುಗೀನ ನೋಡ್ತಾರಂತೆ. ನಾನೂ ನೋಡ್ತೀನಿ. ಸರಿಯಿಲ್ಲ ಅಂತ ವಾಪಸ್ ಕಳ್ಸಿದ್ರೆ ಅವತ್ತೇ ಚನ್ನರಾಯಪಟ್ಟಣದೋರಿಗೆ ಮಾತು ಕೊಟ್ಬಿಡ್ತೀನಿ. ಆಮೇಲೆ ಅವ್ಳೂ ಅಳಂಗಿಲ್ಲ, ಅವ್ಳ ಅವ್ವನೂ ಅಳಂಗಿಲ್ಲ."

ಬಾವನವರಿಗೆ ಎದುರು ಹೇಳುವ ಅಭ್ಯಾಸ ನನಗೆ ಆಗ ಇರಲಿಲ್ಲ. ಆದರೆ ಊಟಕ್ಕೆ ಕೂತಾಗಲೂ ರತ್ನಳ ಬೆರಳುಗಳು ತಟ್ಟೆಯ ಅಂಚಿನ ಮೇಲೆ ಕೀಲಿ ಒತ್ತುತ್ತಲೇ ಇರುತ್ತಿದ್ದವು. ಅಷ್ಟು ನೋಡಿದರೆ ತಾಯಿಗೆ ಸಾಕು.

ಆರು ತಿಂಗಳು ಮುಗಿಯುವುದು ಒಂದು ಬುಧವಾರಕ್ಕೆ. ಅದರ ಹಿಂದಿನ ಶನಿವಾರ ಸಂಜೆಯ ರೈಲಿಗೆ ರತ್ನ ಬಗಲಲ್ಲಿ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ಹೊತ್ತು ಬಂದಳು. ಕಾರ್ಖಾನೆಯ ಉಗ್ರಾಣದ ಬಿಡಿಭಾಗಗಳ ಪಟ್ಟಿ ಅದು. ಒಂದು ಬಿಡಿಭಾಗಕ್ಕೆ ಒಂದು ಕಾರ್ಡು. ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಟೇಪಿಗೆ ಇಳಿಯಬೇಕು. ಅಷ್ಟರೊಳಗೆ ಕೈಬರಹದ ಪಟ್ಟಿಗೆ ತಾಳೆ ನೋಡುವ ಕೆಲಸ ಅವಳ ಪಾಲಿಗೆ ಬಂದಿತ್ತು, ಮುಗಿದಿರಲಿಲ್ಲ. ಯಾರನ್ನೂ ಕೇಳದೆ ಮನೆಗೆ ತಂದಿದ್ದಳು.

"ಅಮ್ಮ, ಯಾರಿಗೂ ಹೇಳ್ಬೇಡ. ಗೇಟು ದಾಟಿಸಿದ್ದು ಗೊತ್ತಾದ್ರೆ ತೆಗೆದ್ಹಾಕ್ತಾರೆ. ಸೋಮವಾರ ಬೆಳಿಗ್ಗೆ ಅದರ ಜಾಗಕ್ಕೆ ಇಟ್ಬಿಡ್ತೀನಿ" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಭಾನುವಾರ ಹತ್ತು ಗಂಟೆಗೆ ತಾಳೆ ನೋಡುವುದು ಮುಗಿಯಿತು. ಪೆಟ್ಟಿಗೆ ಮುಚ್ಚಿ ಗೂಡಿನ ಕೆಳಗಿಟ್ಟಳು. ಅಷ್ಟರಲ್ಲಿ ಬಾವನವರು ಬಂದು, ಚನ್ನರಾಯಪಟ್ಟಣದ ತಮ್ಮ ನಾದಿನಿಯ ಮಗುವನ್ನು ನೋಡಿ ಬರೋಣವೆಂದು ಅವಳನ್ನು ಕರೆದುಕೊಂಡು ಹೊರಟರು. ನೋಡುವುದು ಮಗುವನ್ನಲ್ಲ, ನೋಡುವವರು ಇವರೂ ಅಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅವರು ಬಸ್ಸು ಹತ್ತುವುದಕ್ಕೂ ಯಜಮಾನರು ಪೆಟ್ಟಿಗೆ ತೆಗೆಯುವುದಕ್ಕೂ ಸರಿಹೋಯಿತು.

"ಅಯ್ಯೋ ಶಿವನೆ! ಅನಸೂಯ, ಬಾರೇ ಇಲ್ಲಿ!"

ಮನೆಗೆ ಹಾವು ಬಂತೆಂದು ನಾನು ಪೊರಕೆ ಹಿಡಿದು ಓಡಿದೆ. ಅವರು ಒಂದು ಕಾರ್ಡನ್ನು ಬೆಳಕಿಗೆ ಹಿಡಿದು ನಿಂತಿದ್ದರು. ಲಗ್ನಪತ್ರಿಕೆಯಷ್ಟು ತೆಳ್ಳಗಿತ್ತು ಅದು.

"ಒಂದಕ್ಕೂ ದಾರ ಇಲ್ಲ! ಎರಡು ಸಾವಿರ ಕಾರ್ಡು, ಬಿಡಿ ಬಿಡಿ! ಕೈ ಜಾರಿ ಬಿದ್ರೆ ಯಾವ ಬ್ರಹ್ಮ ಬಂದು ಜೋಡಿಸ್ತಾನೆ? ಅಷ್ಟು ದೊಡ್ಡ ಕಾರ್ಖಾನೆ, ದಾರ ಹಾಕೋರು ಒಬ್ರಿಲ್ವಾ?"

"ಅವ್ರ ಪದ್ಧತಿ ಹಂಗೇ ಇರ್ಬೋದು, ಇಟ್ಬಿಡ್ರಿ" ಎಂದೆ.

"ಪದ್ಧತಿಯಲ್ಲ ಕಣೇ, ಗೊತ್ತಿಲ್ಲ. ನಮ್ಮ ರತ್ನ ಹೇಳಾಕೆ ಹೆದರ್ಕೊಂಡವ್ಳೆ. ಸೋಮವಾರ ಸರ ಮಾಡಿದ ಪೆಟ್ಟಿಗೆ ತಗೊಂಡೋಗಿ ಸಾಹೇಬ್ರ ಮುಂದೆ ಇಡ್ಲಿ, ಬುಧವಾರ ಕೆಲ್ಸ ಖಾಯಂ ಆಗ್ಲಿಲ್ಲ ಅಂದ್ರೆ ನನ್ನ ಹೆಸ್ರು ರಾಮಾಂಜಿನಪ್ಪನೇ ಅಲ್ಲ."

ಇಲ್ಲಿ ನಾನೊಂದು ಸತ್ಯ ಒಪ್ಪಿಕೊಳ್ಳಬೇಕು. ಖಾಯಂ ಎಂಬ ಮಾತು ಕಿವಿಗೆ ಬಿದ್ದಕೂಡಲೇ ನನ್ನ ಕೈಯ ಪೊರಕೆ ಕೆಳಗಿಳಿಯಿತು, ರತ್ನ ಕಿವಿಯಲ್ಲಿ ಹೇಳಿದ್ದೂ ಮರೆತುಹೋಯಿತು. ಪಾಪಮ್ಮನನ್ನೂ ಎದುರು ಮನೆಯ ನರಸಮ್ಮನನ್ನೂ ಕೂಗಿ ಕರೆದವಳು ನಾನೇ.

ಹತ್ತತ್ತು ಕಾರ್ಡು ಜೋಡಿಸಿ, ಎರಡೂ ತುದಿಯಲ್ಲಿ ಎರಡೆರಡರಂತೆ ಯಜಮಾನರು ಸುತ್ತಿಗೆಯಿಂದ ಟಕ್ ಟಕ್ ಎಂದು ತೂತು ಹೊಡೆದರು. ನಾವು ಮೂವರೂ ಹೊಲಿದೆವು. ಮಧ್ಯಾಹ್ನ ಊಟಕ್ಕೂ ಸರಿಯಾಗಿ ಕೂರಲಿಲ್ಲ. ಸಂಜೆ ಐದರ ಹೊತ್ತಿಗೆ ಸರ ಮುಗಿಯಿತು. ತೊಲೆಗೆ ನೇತುಹಾಕಿ, ಮಡಿಕೆ ಮಡಿಕೆಯಾಗಿ ಇಳಿಬಿಟ್ಟು, ಮೊದಲ ಕಾರ್ಡಿನ ಕೆಳಗೆ ಒಂದು ಸೇವಂತಿಗೆ ಸಿಕ್ಕಿಸಿದರು. ನಮ್ಮ ಬೀದಿಯಲ್ಲಿ ಅಷ್ಟು ಸಣ್ಣ ಕಾರ್ಡಿನ, ಅಷ್ಟು ಉದ್ದನೆಯ ಸರವನ್ನು ಯಾರೂ ಕಂಡಿರಲಿಲ್ಲ. ನರಸಮ್ಮ ದೃಷ್ಟಿ ತೆಗೆದಳು.

ಬಾವನವರ ಜೊತೆ ರತ್ನ ಒಳಗೆ ಬಂದಾಗ ಯಜಮಾನರು ಗಂಟಲು ಸರಿಮಾಡಿಕೊಂಡು ಸರದ ಪಕ್ಕದಲ್ಲಿ ನಿಂತಿದ್ದರು.

ಅವಳು ಕಿರುಚಲಿಲ್ಲ. ಹತ್ತಿರ ಹೋಗಿ ಒಂದು ಕಾರ್ಡನ್ನು ಮುಟ್ಟಿದಳು. ಅದರ ತುದಿಯ ತೂತಿನೊಳಗೆ ಬೆರಳ ತುದಿ ಇಟ್ಟಳು. ಮುಂದಿನ ಕಾರ್ಡು, ಅದರ ಮುಂದಿನದು. ಆಮೇಲೆ ನೆಲದ ಮೇಲೆ ಕೂತಳು.

"ಅಪ್ಪ, ಇದರಲ್ಲಿ ಒಂದು ತೂತು ಹೆಚ್ಚಾದ್ರೆ ಒಂದಕ್ಷರ ಸುಳ್ಳಾಗುತ್ತೆ."

"ನಾನು ಏನೂ ತೆಗ್ದಿಲ್ಲ ಕಣಮ್ಮಾ, ಸೇರ್ಸಿದ್ದೀನಿ" ಎಂದರು ಇವರು, ಸ್ವಲ್ಪ ಸಣ್ಣ ದನಿಯಲ್ಲಿ.

"ಎಷ್ಟು ಸೇರ್ಸಿದ್ದೀರಿ?"

"ಕಾರ್ಡಿಗೆ ನಾಲ್ಕು. ಒಟ್ಟು ಎಂಟು ಸಾವಿರ."

ಬಾವನವರು ಜಗಲಿಯ ಮೇಲೆ ಹೋಗಿ, ಟವೆಲ್ಲು ಹಾಸಿಕೊಂಡು ಆರಾಮಾಗಿ ಕುಳಿತರು. "ನಾಳೆ ವಾಪಸ್ ಕಳಿಸ್ತಾರೆ ಅನ್ನು. ಬುಧವಾರದವರ್ಗೂ ಯಾಕೆ ಕಾಯೋದು? ಚನ್ನರಾಯಪಟ್ಟಣದಲ್ಲಿ ಗಂಡಿನ ತಾಯಿ ಹುಡುಗಿ ನೋಡಿ ಒಪ್ಕೊಂಡೂ ಆಯ್ತು. ದೇವ್ರು ದೊಡ್ಡೋನು."

ಬೀದಿಯ ಜನ ಸೇರಿದರು. ಬೇಡವೆಂದರೂ ಸೇರುತ್ತಾರೆ. ಮಿಡ್ಲ್ ಸ್ಕೂಲಿನ ಲೆಕ್ಕದ ಮೇಷ್ಟ್ರು ಸಂಜೀವಪ್ಪನವರು ಚಾಕ್‌ಪೀಸಿನ ಸಮೇತ ಬಂದು ಜಗಲಿಯ ನೆಲವನ್ನೇ ಬೋರ್ಡು ಮಾಡಿಕೊಂಡರು. ಎಷ್ಟು ಹಾಳಾಗಿದೆ ಎಂದು ಗೊತ್ತಾಗದೆ ಮುಂದಿನದು ಯೋಚಿಸುವಂತಿಲ್ಲ ಎಂಬುದು ಅವರ ಅಭಿಪ್ರಾಯ.

"ಮಗು, ಕಾರ್ಡಿಗೆ ಎಷ್ಟಕ್ಷರ?"

"ಎಂಬತ್ತು, ಮೇಷ್ಟ್ರೆ."

"ಎರಡು ಸಾವಿರ ಕಾರ್ಡಿಗೆ ಒಂದು ಲಕ್ಷದ ಅರವತ್ತು ಸಾವಿರ." ಜನ ಉಸಿರು ಬಿಗಿಹಿಡಿದರು. "ಇದನ್ನ ನಿಮ್ಮ ಆಫೀಸಲ್ಲಿ ಯಾವ ಅಳತೇಲಿ ಅಳೀತಾರೆ? ರಾಗಿಗೆ ಸೇರು, ಪಲ್ಲ ಇಲ್ವೇ, ಹಾಗೆ."

"ಅಕ್ಷರಕ್ಕೆ ಎಂಟು ಚುಕ್ಕೆ. ಎಂಟು ಚುಕ್ಕೆ ಸೇರಿದ್ರೆ ಒಂದು ಬೈಟ್. ಸಾವಿರದ ಇಪ್ಪತ್ತನಾಲ್ಕು ಬೈಟಿಗೆ ಒಂದು ಕೆ."

ಮೇಷ್ಟ್ರ ಚಾಕ್‌ಪೀಸು ನಿಂತಿತು. "ಸಾವಿರಕ್ಕೆ ಒಂದು ಅನ್ನು."

"ಅಲ್ಲ ಮೇಷ್ಟ್ರೆ, ಸಾವಿರದ ಇಪ್ಪತ್ತನಾಲ್ಕು. ಆ ಯಂತ್ರಕ್ಕೆ ಹೌದು, ಇಲ್ಲ ಅನ್ನೋ ಎರಡೇ ಮಾತು ಗೊತ್ತು. ಎರಡು, ನಾಲ್ಕು, ಎಂಟು ಅಂತ ಇಮ್ಮಡಿ ಮಾಡ್ತಾ ಹೋದ್ರೆ ಸಾವಿರ ಬರೋದೇ ಇಲ್ಲ. ಹತ್ತನೇ ಸಲಕ್ಕೆ ಸಾವಿರದ ಇಪ್ಪತ್ತನಾಲ್ಕು ಬರುತ್ತೆ."

"ಇಪ್ಪತ್ತನಾಲ್ಕು ಕೊಸರು ಕಣ್ರೀ, ಮೇಷ್ಟ್ರೆ" ಎಂದು ಯಜಮಾನರು ಮಧ್ಯೆ ಬಾಯಿ ಹಾಕಿದರು. ಇಂಥ ಹೊತ್ತಿನಲ್ಲೂ ಅವರಿಗೆ ಅರ್ಥವಾಗದ್ದು ಯಾವುದೂ ಇರಲಿಲ್ಲ. "ಸೊಪ್ಪಿನೋಳು ಒಂದು ಕಂತೆಗೆ ನಾಲ್ಕು ಕಡ್ಡಿ ಜಾಸ್ತಿ ಹಾಕಲ್ವಾ, ಹಂಗೆ."

"ಯಾವ ಕೊಸರೂ ಬೇಡ. ನೂರ ಅರವತ್ತು ಕೆ" ಎಂದು ಮೇಷ್ಟ್ರು ನೆಲದ ಮೇಲೆ ದೊಡ್ಡದಾಗಿ ಬರೆದರು.

"ನೂರ ಐವತ್ತಾರೂಕಾಲು" ಎಂದಳು ರತ್ನ. ಕಣ್ಣಲ್ಲಿ ನೀರಿದ್ದರೂ ತಪ್ಪು ಲೆಕ್ಕವನ್ನು ಹಾಗೇ ಬಿಟ್ಟು ಕೂರುವುದು ಅವಳ ಜಾಯಮಾನವಲ್ಲ.

ಬಾವನವರು ಅಲ್ಲಿಯವರೆಗೆ ಕಣ್ಣು ಮುಚ್ಚಿಕೊಂಡಿದ್ದರು. ಈಗ ತೆರೆದರು.

"ಒಂದ್ನಿಮಿಷ. ಮೇಷ್ಟ್ರ ಲೆಕ್ಕಕ್ಕೆ ನೂರ ಅರವತ್ತು. ಹುಡುಗಿ ಲೆಕ್ಕಕ್ಕೆ ನೂರ ಐವತ್ತಾರೂಕಾಲು. ಮಿಕ್ಕಿದ್ದು ಮೂರೂಮುಕ್ಕಾಲು ಎಲ್ಲೋಯ್ತು?"

ಎಲ್ಲರ ಕಣ್ಣುಗಳೂ ನಿಧಾನವಾಗಿ ಯಜಮಾನರ ಕಡೆ ತಿರುಗಿದವು.

"ಬೆಳಿಗ್ಗೆ ಪೂರ್ತಿ ಇತ್ತು. ಇವ್ನು ಸುತ್ತಿಗೆ ಹಿಡಿದ. ಸಂಜೆಗೆ ಮೂರೂಮುಕ್ಕಾಲು ಕಮ್ಮಿ."

"ದೊಡ್ಡಪ್ಪ, ಅದು ಕಳೆದಿಲ್ಲ. ಅಳತೆ ಬೇರೆ ಅಷ್ಟೆ. ಒಂದೇ ರಾಗೀನ ಸಣ್ಣ ಸೇರಲ್ಲಿ ಅಳೆದ್ರೆ ಜಾಸ್ತಿ ಬರುತ್ತೆ, ದೊಡ್ಡ ಸೇರಲ್ಲಿ ಅಳೆದ್ರೆ ಕಮ್ಮಿ ಬರುತ್ತೆ. ರಾಗಿ ಅಷ್ಟೇ ಇರುತ್ತೆ."

"ಸೇರು ದೊಡ್ಡದು ಮಾಡೋನು ಯಾವಾಗ್ಲೂ ಕಳ್ಳನೇ ಕಣವ್ವ" ಎಂದರು ಬಾವನವರು. ಅವರು ನಲವತ್ತು ವರ್ಷ ರಾಗಿ ಮಾರಿದವರು. ಅವರೆದುರು ಈ ಉದಾಹರಣೆ ತೆಗೆಯಬಾರದಾಗಿತ್ತು.

ಮೂರೂಮುಕ್ಕಾಲು ಉದುರಿಹೋಗಿದೆ ಎಂಬ ಸುದ್ದಿ ಜಗಲಿಯಿಂದ ನಡುಮನೆಗೆ, ನಡುಮನೆಯಿಂದ ಹಿತ್ತಲಿಗೆ ಹೋಯಿತು. ಪಾಪಮ್ಮ ತಲೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕೈ ಸೇದೋಗ! ತೂತಿನ ಚೂರೆಲ್ಲಾ ನಾನೇ ಗುಡ್ಸಿ ತಿಪ್ಪೆಗೆ ಹಾಕಿದ್ನಲ್ಲಾ!"

ಅವಳು ಮೊರ ಹಿಡಿದು ಓಡಿದಳು. ನರಸಮ್ಮ ಅವಳ ಹಿಂದೆ. ಹತ್ತು ನಿಮಿಷಕ್ಕೆ ಮೊರದ ತುಂಬ ಕಾಗದದ ಚೂರು, ಬೂದಿ, ಹುಣಿಸೆ ಸಿಪ್ಪೆ ಬಂದವು. ಯಜಮಾನರ ಮುಖದಲ್ಲಿ ಮತ್ತೆ ಕಳೆ ಬಂತು. ಜಕಾರ್ಡಿನಲ್ಲಿ ತಪ್ಪಿ ಒಂದು ತೂತು ಹೊಡೆದುಬಿಟ್ಟರೆ ಅದರ ಮೇಲೆ ಕಾಗದದ ಚೂರು ಅಂಟಿಸಿ ಮುಚ್ಚುತ್ತಾರೆ. ದಿನಾ ಮಾಡುವ ಕೆಲಸ. ಮೈದಾ ಅಂಟು ಮನೆಯಲ್ಲೇ ಇತ್ತು.

ಜಗಲಿಯಲ್ಲಿ ಮೇಷ್ಟ್ರು ಎರಡನೇ ಸಲ ಭಾಗಾಕಾರ ಮಾಡುತ್ತಿದ್ದರು. ನಾನು ಎಲ್ಲರಿಗೂ ಟೀ ಹಿಡಿದು ನಿಂತಿದ್ದೆ. ಒಳಗೆ ಸರದ ಹತ್ತಿರದಿಂದ ಪಾಪಮ್ಮನ ದನಿ ಕೇಳಿತು.

"ಈ ಚೂರು ಯಾವ ತೂತಿಂದು ಅಂತ ಹೆಂಗೆ ಗೊತ್ತಾಗೋದು ರಾಮಾಂಜಣ್ಣ?"

"ಎಲ್ಲಾ ಒಂದೇ ಸೈಜು ಕಣಕ್ಕಾ, ಹಚ್ಚು ನೀನು."

ರತ್ನ ಎದ್ದು ಓಡಿದಳು. ಅವಳು ಹೋಗಿ ಅಂಟಿನ ಬಟ್ಟಲನ್ನು ಕಿತ್ತು ಎಸೆಯುವ ಹೊತ್ತಿಗೆ ಹನ್ನೆರಡು ಕಾರ್ಡುಗಳು ನೆನೆದು, ಹಪ್ಪಳದಂತೆ ಉಬ್ಬಿ ಕೂತಿದ್ದವು. ಒಂದರಲ್ಲಿ ಹುಣಿಸೆ ಸಿಪ್ಪೆಯೂ ಇತ್ತು.

"ಇನ್ನು ಯಾರೂ ಮುಟ್ಬೇಡಿ" ಎಂದಳು. ದನಿ ಏರಿಸಿರಲಿಲ್ಲ. ಆದರೂ ಅವಳಪ್ಪ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಜನ ಒಬ್ಬೊಬ್ಬರಾಗಿ ಮನೆಗೆ ಹೊರಟರು.

ಸೋಮವಾರ ಬೆಳಗಿನ ರೈಲಿಗೆ ನಾವು ಮೂವರೂ ಹೋದೆವು. ತಾವೇ ಹೋಗಿ ಸಾಹೇಬರಿಗೆ ಹೇಳುವುದಾಗಿ ಯಜಮಾನರು ಹಟ ಹಿಡಿದರು. ಅವರೊಬ್ಬರೇ ಹೇಳಿದರೆ ಏನಾಗುತ್ತದೆಂದು ಬಲ್ಲ ನಾನೂ ಹೊರಟೆ. ದಾರ ಸೇರಿ ದಪ್ಪವಾದ ಸರ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ. ಜಮಖಾನದಲ್ಲಿ ಕಟ್ಟಿ, ಗಂಟನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ನೆಂಟರ ಮನೆಗೆ ಹಾಸಿಗೆ ಹೊತ್ತುಕೊಂಡು ಹೋಗುವವರ ಹಾಗೆ ಕಂಡೆವೇನೋ, ಎದುರಿನ ಮುದುಕಿ ಯಾರ ಬಾಣಂತನ ಎಂದು ಕೇಳಿದಳು.

ರತ್ನ ಕಿಟಕಿಯ ಆಚೆ ನೋಡುತ್ತಿದ್ದಳು. ರಾಜಾನುಕುಂಟೆ ದಾಟಿದ ಮೇಲೆ ನಾನು ಮೆಲ್ಲಗೆ ಕೇಳಿದೆ.

"ರತ್ನ, ನಂಗೊಂದು ತಿಳೀಲಿಲ್ಲ. ನಾನು ನಿನ್ನೆ ಹೊಲಿಯೋವಾಗ ನೋಡ್ದೆ. ಎಲ್ಲಾ ಕಾರ್ಡಿಗೂ ಮೇಲ್ಗಡೆ ಅಕ್ಷರ ಅಚ್ಚಾಗೈತಲ್ಲ, ಅದರಲ್ಲಿ ಮೊದಲನೇದು ಒಂದೇ ಥರ ಐತೆ. ಕೊನೇ ಜಾಗ ಎಲ್ಲದರಲ್ಲೂ ಖಾಲಿ. ಮಧ್ಯದ್ದು ಏನೈತೋ ನಾನು ನೋಡ್ಲಿಲ್ಲ, ನನ್ನ ಸೂಜಿ ಇದ್ದಿದ್ದು ತುದೀಲಿ ಮಾತ್ರ."

ಅವಳು ನನ್ನ ಕಡೆ ತಿರುಗಿದಳು. ಗಂಟನ್ನು ಬಿಚ್ಚಿ ಒಂದು ಮಡಿಕೆ ಎಳೆದಳು. ಒಂದು ಕಾರ್ಡು, ಇನ್ನೊಂದು, ಹತ್ತು, ಐವತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ತುಟಿಗಳು ಲೆಕ್ಕ ಹಾಕುತ್ತಿದ್ದವು.

"ಎಲ್ಲಾದ್ರಲ್ಲೂ ನೋಡಿದ್ಯಾ ಅಮ್ಮ? ಸರಿಯಾಗಿ?"

"ಎರಡು ಸಾವಿರ ಕಾರ್ಡು ನಮ್ಮ ಮೂರು ಜನದ ಕೈಲೇ ಹೋಗೈತೆ. ಕಟ್ಟುಗಳ್ನ ಒಂದಕ್ಕೊಂದು ಜೋಡ್ಸಿದ್ದು ನಾನೇ, ಎಲ್ಲಾ ನನ್ನ ಕಣ್ಮುಂದೇನೇ ದಾಟಿದ್ದು."

ಅವಳು ನಗಲಿಲ್ಲ. ಆದರೆ ಮುಂದಿನ ಸ್ಟೇಷನ್‌ನಿಂದ ಅವಳು ಕಿಟಕಿಯ ಆಚೆ ನೋಡುವುದನ್ನು ಬಿಟ್ಟಳು.

ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ ಪಿಳ್ಳಣ್ಣ ನಮ್ಮ ಗಂಟಿಗೆ ಕೋಲಿನಿಂದ ತಿವಿದ. "ಏನಮ್ಮಾ ಇದು?"

"ಕಂಪ್ಯೂಟರು" ಎಂದರು ಯಜಮಾನರು.

ಅವನು ಎದ್ದು ನಿಂತು ಸೆಲ್ಯೂಟ್ ಹೊಡೆಯಬೇಕೋ ಪೊಲೀಸರಿಗೆ ಹೇಳಬೇಕೋ ತಿಳಿಯದೆ ಒಳಗೆ ಫೋನು ಮಾಡಿದ. ಹೊರಗೆ ಬಂದವರು ವೆಂಕಟರಾಯಪ್ಪನವರು, ರತ್ನಳ ಮೇಲಿನ ಅಧಿಕಾರಿ. ಎತ್ತರದ ಮನುಷ್ಯ, ಅಂಗಿಯ ಜೇಬಿನಲ್ಲಿ ನಾಲ್ಕು ಪೆನ್ನು. ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ಅವರು ಗಂಟನ್ನು ನೋಡಿದರು. ಒಂದು ತುದಿ ಹಿಡಿದು ಮೇಲಕ್ಕೆತ್ತಿದರು. ಸರ ಬಂತು, ಬಂತು, ಬರುತ್ತಲೇ ಇತ್ತು. ಅವರ ಕೈ ತಲೆಗಿಂತ ಮೇಲೆ ಹೋದರೂ ಮುಗಿಯಲಿಲ್ಲ. ಬಾಡಿದ ಸೇವಂತಿಗೆ ಅವರ ಬೂಟಿನ ಮೇಲೆ ಬಿತ್ತು.

"ಇದನ್ನ ಹೊರಗೆ ತಗೊಂಡು ಹೋದವರು ಯಾರು?"

"ನಾನು ಸರ್" ಎಂದಳು ರತ್ನ.

"ಹೊಲಿದವರು?"

"ನಾನು ಸ್ವಾಮಿ" ಎಂದು ಯಜಮಾನರು ಮುಂದೆ ಬಂದರು. "ಮೂವತ್ತು ವರ್ಷದ ಸರ್ವೀಸು. ನಿಮ್ಮ ಕಾರ್ಡು ತುಂಬಾ ತೆಳು, ಅದೊಂದು ಹೇಳ್ಬೇಕು..."

ನಾನು ಅವರ ಪಂಚೆಯ ಅಂಚು ಹಿಡಿದೆಳೆದೆ.

"ಎರಡು ಸಾವಿರ ಕಾರ್ಡು" ಎಂದರು ಅಧಿಕಾರಿ, ತಮಗೆ ತಾವೇ ಎಂಬಂತೆ. "ಒಂದು ಲಕ್ಷದ ಅರವತ್ತು ಸಾವಿರ ಅಕ್ಷರ. ಹನ್ನೆರಡಕ್ಕೆ ಟೇಪು. ಮತ್ತೆ ಹೊಡೆಯೋಕೆ ಹದಿನೈದು ದಿನ ಬೇಕು. ನೀನು ಒಳಗೆ ಬರೋದೇ ಬೇಡ, ನಿನ್ನ ಸಾಮಾನು ಇಲ್ಲಿಗೇ ಕಳಿಸ್ತೀನಿ."

"ಸರ್, ಹೋಗಿರೋದು ಒಂದೇ ಅಕ್ಷರ."

ಅವರು ತಿರುಗಿದವರು ನಿಂತರು.

ರತ್ನ ಸರದ ಒಂದು ಕಾರ್ಡಿನ ತುದಿ ತೋರಿಸಿದಳು. "ಕಾರ್ಡಿನ ಎಂಬತ್ತು ಮನೇಲಿ ತೂತು ಬಿದ್ದಿರೋದು ಒಂದನೇ ಮನೆ, ಎಂಬತ್ತನೇ ಮನೆ, ಇವೆರಡರ ಮೇಲೆ ಮಾತ್ರ. ಕಾರ್ಡಿಗೆ ಎರಡರಂತೆ ನಾಲ್ಕು ಸಾವಿರ ಅಕ್ಷರ. ಅದರಲ್ಲಿ ಎಂಬತ್ತನೇ ಮನೆ ಎಲ್ಲದರಲ್ಲೂ ಖಾಲಿ. ಉಳಿದದ್ದು ಎರಡು ಸಾವಿರ. ಒಂದನೇ ಮನೇಲಿ ಎಲ್ಲಾ ಕಾರ್ಡಲ್ಲೂ ನಾಲ್ಕನೇ ಉಗ್ರಾಣ ಅಂತ ನಾಲ್ಕು ಇದೆ. ಎರಡು ಸಾವಿರ ಸಲ ಅದೇ ನಾಲ್ಕು. ಆ ಎರಡು ಮನೆ ಬಿಟ್ಟು ಮಿಕ್ಕಿದ್ದನ್ನ ಕಾಪಿ ಮೆಷೀನಿಂದ ಹೊಸ ಕಾರ್ಡಿಗೆ ಇಳಿಸಿ, ಎಲ್ಲದಕ್ಕೂ ಒಂದೇ ಸಲಕ್ಕೆ ನಾಲ್ಕು ಹೊಡೆಯೋ ಹಾಗೆ ಮಾಡಬಹುದು ಸರ್. ಹನ್ನೆರಡು ಕಾರ್ಡು ನೆನೆದಿದೆ. ಅದನ್ನ ನಾನು ಕೈಯಲ್ಲಿ ಹೊಡೀತೀನಿ."

ವೆಂಕಟರಾಯಪ್ಪನವರು ಒಂದು ಕಾರ್ಡನ್ನು ಸೂರ್ಯನಿಗೆ ಹಿಡಿದರು. ಒಂದನೇ ಮನೆ ನೋಡಿದರು, ಎಂಬತ್ತನೆಯದು ನೋಡಿದರು, ಇನ್ನೊಂದು ಕಾರ್ಡು ಎಳೆದರು.

"ದಾರ ಬಿಚ್ಚಿ" ಎಂದರು. "ಒಂದು ಕಾರ್ಡು ಹರಿದರೂ ಮೆಷೀನ್ ಸಿಕ್ಕಿಹಾಕಿಕೊಳ್ಳುತ್ತೆ."

ಪಿಳ್ಳಣ್ಣನ ಗೂಡಿನ ನೆಲದ ಮೇಲೆ ಕೂತು ನಾನೂ ಯಜಮಾನರೂ ದಾರ ಬಿಚ್ಚಿದೆವು. ಅರ್ಧ ಗಂಟೆ ನೋಡಿ ಸಾಕಾಗಿ ಪಿಳ್ಳಣ್ಣನೂ ಕೋಲು ಒರಗಿಸಿ ಕುಳಿತ. ಹೊಲಿಯುವುದಕ್ಕಿಂತ ಬಿಚ್ಚುವುದು ಸುಲಭ. ಆದರೆ ಒಂದೊಂದು ದಾರ ಎಳೆದಾಗಲೂ ಮಗಳ ಜಡೆಯ ಸಿಕ್ಕು ಬಿಡಿಸುವಾಗಿನ ಭಯ. ಬಿಚ್ಚಿದಷ್ಟನ್ನು ಒಬ್ಬ ಜವಾನ ಒಳಗೆ ಒಯ್ಯುತ್ತಿದ್ದ. ಹನ್ನೊಂದರ ಹೊತ್ತಿಗೆ ಬಂದವನು "ಮೆಷೀನ್ ನಿಂತೋಯ್ತು" ಎಂದ. ಯಜಮಾನರು ಎದ್ದರು. "ನಾನು ನೋಡ್ತೀನಿ, ಮಗ್ಗ ನಿಂತಾಗ ಒಂದು ಏಟು ಹಾಕಿದ್ರೆ..." ಪಿಳ್ಳಣ್ಣನೂ ನಾನೂ ಸೇರಿ ಅವರನ್ನು ಕೂರಿಸಿದೆವು. ಮೆಷೀನು ಮತ್ತೆ ಓಡಿತಂತೆ, ಮತ್ತೆ ನಿಂತಿತಂತೆ, ಮತ್ತೆ ಓಡಿತಂತೆ.

ಹನ್ನೊಂದೂಮುಕ್ಕಾಲಿಗೆ ಕಡೆಯ ಕಟ್ಟನ್ನು ಒಯ್ಯಲು ಜವಾನನಿರಲಿಲ್ಲ. ನಾನೇ ಎತ್ತಿಕೊಂಡು ಅವನು ಹೋಗುತ್ತಿದ್ದ ದಾರಿಯಲ್ಲಿ ಹೋದೆ. ಗಾಜಿನ ಗೋಡೆಯ ಆಚೆ ರತ್ನ ಕೀಲಿಗಳ ಮುಂದೆ ಕುಳಿತಿದ್ದಳು. ಪಕ್ಕದಲ್ಲಿ ಉಬ್ಬಿದ ಕಾರ್ಡುಗಳು, ಹಿಂದೆ ವೆಂಕಟರಾಯಪ್ಪನವರು ಗಡಿಯಾರ ನೋಡುತ್ತ ನಿಂತಿದ್ದರು. ಹನ್ನೆರಡು ಕಾರ್ಡು, ಒಂಬೈನೂರ ಅರವತ್ತು ಅಕ್ಷರ. ಅವಳ ಬೆನ್ನು ನೆಟ್ಟಗಿತ್ತು. ಬೆರಳುಗಳು ಓಡುತ್ತಿದ್ದ ವೇಗಕ್ಕೆ ನನ್ನ ಕಣ್ಣು ಸಾಲಲಿಲ್ಲ. ಹತ್ತೊಂಬತ್ತು ವರ್ಷ ನಾನು ಊಟ ಹಾಕಿದ ಹುಡುಗಿ ಅವಳೇ, ಆದರೆ ಅಲ್ಲಿ ಯಾರಾದರೂ ನನ್ನನ್ನು ಕೇಳಿದ್ದರೆ ಪರಿಚಯ ಹೇಳಲು ಸ್ವಲ್ಪ ಸಂಕೋಚವಾಗುತ್ತಿತ್ತು.

ಹನ್ನೆರಡಕ್ಕೆ ಮೂರು ನಿಮಿಷವಿದ್ದಾಗ ಪೆಟ್ಟಿಗೆ ಒಳಕೋಣೆಗೆ ಹೋಯಿತು.

ವೆಂಕಟರಾಯಪ್ಪನವರು ನಮ್ಮೆದುರಿಗೇ ತೀರ್ಪು ಹೇಳಿದರು. ಪೆಟ್ಟಿಗೆಯನ್ನು ಗೇಟು ದಾಟಿಸಿದ್ದು ದೊಡ್ಡ ತಪ್ಪು, ಬರವಣಿಗೆಯಲ್ಲಿ ಒಪ್ಪಿಕೊಳ್ಳಬೇಕು. ಬುಧವಾರ ಖಾಯಂ ಆಗುವುದಿಲ್ಲ. ಪರೀಕ್ಷೆಯ ಅವಧಿ ಇನ್ನು ಮೂರು ತಿಂಗಳು ಮುಂದಕ್ಕೆ. ಆ ಮೂರು ತಿಂಗಳು ಭಾನುವಾರಗಳಂದೂ ಬಂದು, ಉಳಿದ ಉಗ್ರಾಣಗಳ ಪಟ್ಟಿಯನ್ನು ಇಲ್ಲೇ ಕೂತು ತಾಳೆ ನೋಡಬೇಕು. ಇದನ್ನೆಲ್ಲ ಬರೆದ ಕಾಗದಕ್ಕೆ ಸಹಿ ಹಾಕಿ, ಮೊಹರು ಒತ್ತಿ ಕೊಟ್ಟರು. ಹಳೆಯ ಕಾರ್ಡುಗಳು ತಮಗೆ ಬೇಕೆಂದು ಯಜಮಾನರು ಕೇಳಿದಾಗ, ಅವರು ದಾರದ ಉಂಡೆಯನ್ನು ಮಾತ್ರ ಕೈಗಿತ್ತರು.

ಸಂಜೆ ನಾವು ಬೀದಿಗೆ ಕಾಲಿಟ್ಟಾಗ ಬಾವನವರು ಜಗಲಿಯ ಮೇಲೆ ಕಾಯುತ್ತಿದ್ದರು. ಹೊಸ ಪಂಚೆ ಉಟ್ಟಿದ್ದರು. ಚನ್ನರಾಯಪಟ್ಟಣಕ್ಕೆ ಮಾತು ಕೊಡಲು ಅಲ್ಲಿಂದಲೇ ಹೊರಡುವ ಸಿದ್ಧತೆ.

"ಹೋಯ್ತಾ?" ಎಂದರು.

"ಏನು ಹೋಗೋದು?" ಯಜಮಾನರು ಎದೆಯುಬ್ಬಿಸಿದರು. "ಸರ ನೋಡಿ ಸಾಹೇಬ್ರು ದಂಗಾಗೋದ್ರು ಅಣ್ಣ! ಎರಡು ಸಾವಿರ ಕಾರ್ಡನ್ನೂ ಕಾಪಿ ಮಾಡ್ಕೊಂಡ್ರು. ಅಸಲಿ ನಮ್ಮ ಹತ್ರಾನೇ ಇರ್ಲಿ ಅಂತ ಇಟ್ಕೊಂಡ್ರು, ದಾರ ಮಾತ್ರ ಕೊಟ್ರು." ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂಬುದೇ ನನಗೆ ಸೋಜಿಗ. ಅವರು ದಾರದ ಉಂಡೆ ಹಿಡಿದು ಟೀ ಅಂಗಡಿಯ ಕಡೆ ಹೊರಟೇಬಿಟ್ಟರು.

ಬಾವನವರು ನನ್ನ ಕಡೆ ತಿರುಗಿದರು. "ನೀನು ಹೇಳಮ್ಮ. ಖಾಯಂ ಆಯ್ತೋ, ವಾಪಸ್ ಕಳ್ಸಿದ್ರೋ?"

"ಎರಡೂ ಇಲ್ಲ ಬಾವ. ಇನ್ನೂ ಮೂರು ತಿಂಗ್ಳು ನೋಡ್ತಾರಂತೆ. ನೀವೂ ನೋಡಿ."

ಅವರು ಹುಬ್ಬು ಗಂಟು ಹಾಕಿದರು. "ಆಗ್ಲಿ, ಅಲ್ಲೀವರ್ಗೂ ಸುಮ್ನೆ ಇರೋದ್ಯಾಕೆ? ತಾಯಿ ನೋಡಿದ್ದಾಯ್ತು, ಈ ಭಾನುವಾರ ಗಂಡು ಬಂದು ನೋಡ್ಕೊಂಡು ಹೋಗ್ತಾನೆ."

"ಭಾನುವಾರ ಅವ್ಳು ಮನೇಲಿರಲ್ಲ."

"ಅದರ ಮುಂದಿನ ಭಾನುವಾರ?"

"ಅವತ್ತೂ ಇರಲ್ಲ. ಸಾಹೇಬ್ರು ಶಿಕ್ಷೆ ಹಾಕವ್ರೆ ಬಾವ. ತಪ್ಪು ಮಾಡಿದ್ಮೇಲೆ ಅನುಭವಿಸ್ಬೇಕಲ್ಲ?" ಎಂದು ಕಾಗದವನ್ನು ಅವರ ಮುಂದೆ ಹಿಡಿದೆ. ಸಹಿಯೂ ಇತ್ತು, ಮೊಹರೂ ಇತ್ತು.

ಬಾವನವರಿಗೆ ಓದು ಬಾರದು, ಮೊಹರು ಚೆನ್ನಾಗಿ ಬರುತ್ತದೆ. ಅದನ್ನೇ ನೋಡುತ್ತ ಬೆರಳು ಮಡಿಸಿ ಭಾನುವಾರಗಳನ್ನು ಎಣಿಸಿದರು. ಒಂದು ಕೈ ಮುಗಿಯಿತು, ಎರಡನೆಯದೂ ಮುಗಿಯಿತು.

"ಹದಿಮೂರು" ಎಂದಳು ರತ್ನ ಒಳಗಿನಿಂದ.